ಒಬ್ಬರೇ ರೆಕಾರ್ಡ್ ಮಾಡುವ ಮೊದಲು ನಾಲ್ಕು ಜನರ ಜೊತೆ ನುಡಿಸಿ

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ, ಸಂಗೀತದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಕೆಲವು ಕಡೆ ಇನ್ನಷ್ಟು ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಗಿಟಾರ್ ಬಗ್ಗೆ ಕೇಳುವುದಕ್ಕೆ ಇಷ್ಟು ಜನ ಬಂದಿದ್ದೀರಿ, ತುಂಬ ಖುಷಿಯಾಗುತ್ತಿದೆ. ಸಭೆ ಶುರುವಾಗುವ ಮೊದಲೇ ಕೆಲವರು ಹೊರಗೆ ಸಿಕ್ಕಿ ಕೇಳಿದರು: 'ಸರ್, ಯಾವ ಆಡಿಯೋ ಇಂಟರ್‌ಫೇಸ್ ತಗೊಳ್ಳಲಿ? ಯಾವ ಮೈಕ್ ಒಳ್ಳೇದು?' ಇಂಟರ್‌ಫೇಸ್ ಅಂದರೆ ಗಿಟಾರ್, ಮೈಕ್‌ನ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ. ಅದಕ್ಕೆಲ್ಲ ಉತ್ತರ ಕೊಡುತ್ತೇನೆ. ಆದರೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದಿರುವ ವಿಷಯ ಬೇರೆ ಇದೆ. ಒಂದು ಲ್ಯಾಪ್‌ಟಾಪ್, ಒಂದು ಗಿಟಾರ್ ಇದ್ದರೆ ಕೋಣೆಯ ಬಾಗಿಲು ಹಾಕಿಕೊಂಡು ಪೂರ್ತಿ ಹಾಡು ಮಾಡಿಬಿಡಬಹುದಾದ ಕಾಲ ಇದು. ನಾನೂ ಈಗ ಹಾಗೇ ಮಾಡುತ್ತೇನೆ. ಆದರೂ ಹೇಳುತ್ತೇನೆ, ಮೊದಲು ಒಂದೆರಡು ವರ್ಷವಾದರೂ ಬೇರೆಯವರ ಜೊತೆ ಒಂದೇ ಕೋಣೆಯಲ್ಲಿ ನಿಂತು ನುಡಿಸಿ. ಆಮೇಲೆ ಒಬ್ಬರೇ ಕೂರಿ. ಯಾಕೆ ಅಂತ ವಿವರಿಸುವುದಕ್ಕೇ ಈ ಮಾತು.

ನಮ್ಮ ಊರಿನಲ್ಲಿ ರಾಕ್ ಬರುವ ಮೊದಲೇ ಗಿಟಾರ್ ಇತ್ತು. ಚರ್ಚಿನ ಗಾಯನ ತಂಡದಲ್ಲಿತ್ತು. ಪ್ಲಾಂಟರ್‌ಗಳ ಕ್ಲಬ್ಬಿನ ಡಿಸೆಂಬರ್ ಪಾರ್ಟಿಗಳಲ್ಲಿತ್ತು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಂತೂ ಇದ್ದೇ ಇತ್ತು. ರಾಕ್ ನುಡಿಸುವ ಹುಡುಗರು ಆರ್ಕೆಸ್ಟ್ರಾದವರನ್ನು ಕಡೆಗಣಿಸುವುದನ್ನು ನೋಡಿದ್ದೇನೆ. ನನಗೆ ಅದು ಒಂಚೂರೂ ಸರಿ ಅನ್ನಿಸುವುದಿಲ್ಲ. ಸಂಜೆಯಿಂದ ಮಧ್ಯರಾತ್ರಿವರೆಗೆ ಒಂದರ ಹಿಂದೆ ಒಂದು ಹಾಡು. ಹಾಡುವವರ ಗಂಟಲಿಗೆ ತಕ್ಕಂತೆ ನಿಂತ ಜಾಗದಲ್ಲೇ ಸ್ಕೇಲ್ ಬದಲಾಯಿಸಬೇಕು. ಮೈಕ್‌ಸೆಟ್‌ನವರು ವೇದಿಕೆಗೆ ಇಟ್ಟ ಒಂದೇ ಸ್ಪೀಕರ್‌ನಲ್ಲಿ ತನ್ನ ಗಿಟಾರ್ ಯಾವುದು ಅಂತ ಹುಡುಕಿಕೊಳ್ಳಬೇಕು. ಇದು ದೊಡ್ಡ ವಿದ್ಯೆ. ನನಗೆ ಬಾರ್ ಕಾರ್ಡ್, ಅಂದರೆ ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತಿ ಹಲವು ಸ್ವರ ಒಟ್ಟಿಗೆ ನುಡಿಸುವುದು, ಅದನ್ನು ಹಿಡಿಯುವುದನ್ನು ಕೈ ಹಿಡಿದು ತೋರಿಸಿದವರು ಒಬ್ಬ ಆರ್ಕೆಸ್ಟ್ರಾ ಗಿಟಾರಿಸ್ಟ್. ಅವರ ಬೆರಳಿಗಿಂತ ಅವರ ಕಿವಿಯೇ ಚುರುಕು.

ರಾಕ್ ನಮಗೆ ಸಿಕ್ಕಿದ್ದು ಕ್ಯಾಸೆಟ್‌ನಲ್ಲಿ. ಬೆಂಗಳೂರಿನಲ್ಲಿ ಓದುತ್ತಿದ್ದ ಅಣ್ಣಂದಿರು ರಜೆಗೆ ಬರುವಾಗ ತರುತ್ತಿದ್ದರು. ಅದರಿಂದ ಇನ್ನೊಂದು ಕಾಪಿ, ಆ ಕಾಪಿಯಿಂದ ಮತ್ತೊಂದು. ಪ್ರತಿ ಕಾಪಿಗೂ 'ಸ್ಸ್' ಅನ್ನುವ ಟೇಪಿನ ಸದ್ದು ಹೆಚ್ಚುತ್ತಿತ್ತು, ಸಿಂಬಲ್‌ನ ಹೊಳಪು ಹೋಗುತ್ತಿತ್ತು. ಇನ್ನೊಂದು ವಿಷಯ ನಿಮಗೆ ಹೊಸದು ಅನ್ನಿಸಬಹುದು. ಟೇಪ್ ರೆಕಾರ್ಡರ್‌ಗಳ ವೇಗ ಒಂದೇ ಥರ ಇರುತ್ತಿರಲಿಲ್ಲ. ಒಂದರಲ್ಲಿ ಹಾಡಿನ ಶ್ರುತಿ ಅರ್ಧ ಮನೆ ಮೇಲೆ, ಇನ್ನೊಂದರಲ್ಲಿ ಸ್ವಲ್ಪ ಕೆಳಗೆ. ಹಾಗಾಗಿ ಕಲಿಯಲು ಕೂತರೆ ಮೊದಲು ಗಿಟಾರನ್ನು ಆ ಕ್ಯಾಸೆಟ್‌ಗೆ ಶ್ರುತಿ ಮಾಡಿಕೊಳ್ಳಬೇಕು. ಟ್ಯೂನರ್ ಇಲ್ಲ, ಕಿವಿ ಮಾತ್ರ. ಈಗ ಫೋನಿನಲ್ಲಿ ಟ್ಯೂನರ್ ಇದೆ, ಒಳ್ಳೆಯದೇ. ಆದರೆ ವಾರಕ್ಕೊಂದು ಸಲ ಅದನ್ನು ಪಕ್ಕಕ್ಕಿಟ್ಟು ಯಾವುದಾದರೂ ಹಾಡಿಗೆ ಕಿವಿಯಿಂದಲೇ ಶ್ರುತಿ ಮಾಡಿ ನೋಡಿ.

ಬ್ಯಾಂಡ್ ಕಟ್ಟಿದ ಮೇಲೆ ದೊಡ್ಡ ಪ್ರಶ್ನೆ ಜಾಗದ್ದು. ಡ್ರಮ್ಸ್ ಎಲ್ಲಿ ಇಡುವುದು? ನಮ್ಮ ಬೇಸ್ ಗಿಟಾರಿಸ್ಟ್ ಮನೆಯವರಿಗೆ ತೋಟ ಇತ್ತು, ತೋಟದಲ್ಲಿ ಗೋಡೌನ್ ಇತ್ತು. ಕಾಫಿ ಗೊತ್ತಿರುವವರಿಗೆ ಲೆಕ್ಕ ಅರ್ಥವಾಗುತ್ತದೆ. ನವೆಂಬರ್‌ಗೆ ಅರೇಬಿಕಾ ಕೊಯ್ಲು ಶುರು. ಅದರ ಹಿಂದೆಯೇ ರೋಬಸ್ಟಾ, ಮಾರ್ಚ್‌ವರೆಗೂ ಹೋಗುತ್ತದೆ. ಆ ತಿಂಗಳುಗಳಲ್ಲಿ ಕಣದ ತುಂಬ ಕಾಫಿ, ಗೋಡೌನ್ ತುಂಬ ಮೂಟೆ. ಕಾಫಿ, ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಗೋಡೌನ್ ಖಾಲಿ. ಅಷ್ಟರಲ್ಲಿ ಮಳೆ ಬಂದಿರುತ್ತದೆ. ಅಂದರೆ ನಮ್ಮ ಪ್ರಾಕ್ಟೀಸ್ ಕಾಲ ಮಳೆಗಾಲ. ಮೇಲೆ ಜಿಂಕ್ ಶೀಟು. ಜುಲೈ ಮಳೆ ಹೊಡೆಯಲು ಶುರುವಾದರೆ ಹಾಡುವವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. ಹಾಡಿನ ಯಾವ ಭಾಗದಲ್ಲಿದ್ದೇವೆ ಅನ್ನುವುದನ್ನು ಡ್ರಮ್ಮರ್‌ನ ಕೈ ನೋಡಿ, ಅವನ ಕಣ್ಣು ನೋಡಿ ತಿಳಿದುಕೊಳ್ಳುತ್ತಿದ್ದೆವು. ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುವ ಅಭ್ಯಾಸ ನಮಗೆ ಬಂದದ್ದು ಮಳೆಯಿಂದ.

ಆ ಗೋಡೌನಿನಲ್ಲಿ ಕಲಿತದ್ದರಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ರೆಕಾರ್ಡ್ ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 82 ಸಲ, ಮಿಡಿಯುತ್ತದೆ. ಬೇಸ್ ಗಿಟಾರಿನ ಇ ಅದರ ಅರ್ಧ, 41 ಹರ್ಟ್ಜ್. ಡ್ರಮ್ಸ್‌ನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಕಿಕ್ ಕೂಡ ಅದೇ ತಳದಲ್ಲಿ ಬಡಿಯುತ್ತದೆ. ನೀವು ಒಬ್ಬರೇ ಕೂತಾಗ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್‌ನಲ್ಲಿ ತಳದ ಸದ್ದಿನ ಬೇಸ್ ಗುಂಡಿ ಏರಿಸುತ್ತೀರಿ, ಧ್ವನಿ ಒರಟಾಗಿಸುವ ಗೇನ್ ಏರಿಸುತ್ತೀರಿ. ಗೋಡೆ ನಡುಗುವ ಹಾಗೆ ಕೇಳಿಸುತ್ತದೆ, ಮೈ ಜುಂ ಅನ್ನುತ್ತದೆ. ಅದೇ ಸೆಟಿಂಗ್ ಬ್ಯಾಂಡ್‌ನಲ್ಲಿ ಹಾಕಿದರೆ ಬೇಸ್ ಗಿಟಾರ್ ಮುಳುಗಿಹೋಗುತ್ತದೆ, ಕಿಕ್ ಮಂಕಾಗುತ್ತದೆ, ನಿಮ್ಮ ಗಿಟಾರೂ ಕೇಳಿಸುವುದಿಲ್ಲ. ಆಗ ಪಕ್ಕದಲ್ಲಿದ್ದವನು ತಿರುಗಿ, 'ಮಾರಾಯ, ಸ್ವಲ್ಪ ಕಮ್ಮಿ ಮಾಡು' ಅನ್ನುತ್ತಾನೆ. ನೀವು ಬೇಸ್ ಇಳಿಸುತ್ತೀರಿ, ಗೇನ್ ಇಳಿಸುತ್ತೀರಿ, ನಡುವಿನ ಸದ್ದಿನ ಮಿಡ್ ಸ್ವಲ್ಪ ಏರಿಸುತ್ತೀರಿ. ಒಂಟಿಯಾಗಿ ಕೇಳಿದರೆ ಆ ಧ್ವನಿ ತೆಳು. ಎಲ್ಲರೂ ಸೇರಿದಾಗ ಅದೇ ಧ್ವನಿ ಮುಂದೆ ಬಂದು ನಿಲ್ಲುತ್ತದೆ. ತಳದ ಜಾಗ ನನ್ನದಲ್ಲ ಅನ್ನುವುದು ಆಗ ಕೈಗೇ ಗೊತ್ತಾಗುತ್ತದೆ. ಇದನ್ನು ವಿಡಿಯೋ ನೋಡಿ ತಿಳಿಯಬಹುದು, ಆದರೆ ಕೈಗೆ ಬರುವುದು ಪಕ್ಕದವನು ಬೈದಾಗಲೇ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನುಡಿಸಿತು. ಹಾಸನ, ಬೇಲೂರು, ನಮ್ಮ ಊರು, ಎಲ್ಲ ಕಡೆಯಿಂದ ಹುಡುಗರು ಬಸ್ ಹತ್ತಿ ಹೋದರು. ನಾವೂ ಹೋದೆವು. ಆ ಜನಸಾಗರ, ಆ ಬೆಳಕು, ಅದರ ಬಗ್ಗೆ ಬೇಕಾದಷ್ಟು ಹೇಳಬಹುದು. ನನ್ನ ಮನಸ್ಸಿನಲ್ಲಿ ಉಳಿದದ್ದು ಇಷ್ಟು: ಆ ಬ್ಯಾಂಡ್‌ನಲ್ಲಿ ಮೂವರು ಗಿಟಾರಿಸ್ಟ್‌ಗಳು. ಮೂರು ಗಿಟಾರ್ ಒಟ್ಟಿಗೆ ಬಾರಿಸಿದರೆ ಗದ್ದಲ ಆಗಬೇಕು ಅಲ್ವಾ? ಆಗಲಿಲ್ಲ. ಒಬ್ಬರು ಮಧುರವಾದ ಸಾಲು ಹಿಡಿದರೆ ಇನ್ನೊಬ್ಬರು ಅದಕ್ಕೆ ಜೊತೆಯ ಸ್ವರ, ಮತ್ತೊಬ್ಬರು ಕೆಳಗೆ ತಾಳ ಬಿಡದ ಕಾರ್ಡ್. ಗೋಡೌನಿನಲ್ಲಿ ನಾವು ಜಗಳ ಆಡಿ ಕಲಿಯುತ್ತಿದ್ದ ಪಾಠವನ್ನು ಅವರು ಅಷ್ಟು ದೊಡ್ಡ ಮೈದಾನದಲ್ಲಿ ನುಡಿಸಿ ತೋರಿಸಿದರು.

ಬ್ಯಾಂಡ್ ಯಾಕೆ ನಿಂತುಹೋಯಿತು ಅಂತ ಎಲ್ಲರೂ ಕೇಳುತ್ತಾರೆ. ಜಗಳ ಆಗಲಿಲ್ಲ. ಡ್ರಮ್ಮರ್‌ಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಬೇಸ್‌ನವನು ಅಪ್ಪನ ಜೊತೆ ತೋಟಕ್ಕೆ ಇಳಿದ. ಹಾಡುಗಾರ ಬಿ.ಎಡ್ ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ. ಸಣ್ಣ ಊರಿನ ಬ್ಯಾಂಡ್‌ಗಳು ಸಾಮಾನ್ಯವಾಗಿ ನಿಲ್ಲುವುದು ಹೀಗೇ. ಬೆಂಗಳೂರು ಇಲ್ಲಿಂದ ಐದಾರು ಗಂಟೆ ದಾರಿ. ಪ್ರತಿ ಭಾನುವಾರ ಬಂದು ಹೋಗುವ ದೂರ ಅಲ್ಲ. ನನ್ನ ಕೈಯಲ್ಲಿ ಗಿಟಾರ್ ಉಳಿಯಿತು, ಅರ್ಧ ಮಾಡಿದ ಹಾಡುಗಳು ಉಳಿದವು. ನಾನು ಮನೆಯಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದ್ದು ಆ ಹಾಡುಗಳನ್ನು ಮುಗಿಸುವುದಕ್ಕೆ.

ಒಬ್ಬರೇ ಕೂತು ಹಲವು ವಾದ್ಯ ರೆಕಾರ್ಡ್ ಮಾಡುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಅಮೆರಿಕದ ಗಿಟಾರಿಸ್ಟ್ ಲೆಸ್ ಪಾಲ್ 1940ರ ದಶಕದಲ್ಲೇ ತನ್ನ ಮನೆಯ ಗ್ಯಾರೇಜಿನಲ್ಲಿ ಗಿಟಾರಿನ ಮೇಲೆ ಗಿಟಾರ್ ಪದರ ಪದರವಾಗಿ ಕೂರಿಸುತ್ತಿದ್ದರು, ಮೊದಲು ಡಿಸ್ಕ್‌ನಲ್ಲಿ, ಆಮೇಲೆ ಟೇಪ್‌ನಲ್ಲಿ. ಸಾಮಾನ್ಯ ಜನರ ಕೈಗೆ ಆ ವಿದ್ಯೆ ಸಿಕ್ಕಿದ್ದು 1979ರಲ್ಲಿ. ಆ ವರ್ಷ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೋ ಎಂಬ ಯಂತ್ರ ತಂದಿತು. ಮಾಮೂಲಿ ಕ್ಯಾಸೆಟ್‌ನಲ್ಲೇ ನಾಲ್ಕು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಾದ ನಾಲ್ಕು ಪದರ. ಮೂರು ಟ್ರ್ಯಾಕ್ ತುಂಬಿದ ಮೇಲೆ ಅವನ್ನು ಬೆರೆಸಿ ನಾಲ್ಕನೆಯದಕ್ಕೆ ಹಾಕಿದರೆ ಮೂರು ಮತ್ತೆ ಖಾಲಿ. ಆದರೆ ಬೆರೆಸಿದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ತೀರ್ಮಾನ ಮಾಡಬೇಕು.

1982ರ ಜನವರಿಯಲ್ಲಿ ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಒಂದು ಬಾಡಿಗೆ ಮನೆಯ ಕೋಣೆಯಲ್ಲಿ ಇಂಥದೇ ಯಂತ್ರ ಇಟ್ಟುಕೊಂಡು, ಎರಡು ಶ್ಯೂರ್ ಎಸ್‌ಎಂ57 ಮೈಕ್‌ನಲ್ಲಿ, ಒಂಟಿಯಾಗಿ ಹಾಡಿ ರೆಕಾರ್ಡ್ ಮಾಡಿದರು. ಬ್ಯಾಂಡ್‌ನವರಿಗೆ ಹಾಡು ಕೇಳಿಸಿ ಕಲಿಸುವುದಕ್ಕೆ ಮಾಡಿದ ಕ್ಯಾಸೆಟ್ ಅದು. ಆಮೇಲೆ ಬ್ಯಾಂಡ್ ಜೊತೆ ಸ್ಟುಡಿಯೋದಲ್ಲಿ ಅದೇ ಹಾಡುಗಳನ್ನು ನುಡಿಸಿ ನೋಡಿದರು. ಕೊನೆಗೆ ಕ್ಯಾಸೆಟ್‌ನಲ್ಲಿದ್ದದ್ದೇ ಒಳ್ಳೆಯದು ಅಂತ ಅದನ್ನೇ ಆಲ್ಬಂ ಆಗಿ ಹೊರತಂದರು. ಮನೆಯಲ್ಲಿ ರೆಕಾರ್ಡ್ ಮಾಡುವವರೆಲ್ಲ ಈ ಕತೆ ಹೇಳಿ ಹುರುಪು ತುಂಬಿಕೊಳ್ಳುತ್ತಾರೆ. ನಾನೂ ತುಂಬಿಕೊಂಡಿದ್ದೇನೆ. ಆದರೆ ಆ ಮನುಷ್ಯ ಆ ಕೋಣೆಗೆ ಹೋಗುವ ಮೊದಲು ಎಷ್ಟೋ ವರ್ಷ ಬ್ಯಾಂಡ್‌ನಲ್ಲಿ ನುಡಿಸಿದ್ದರು. ಲೆಸ್ ಪಾಲ್ ಕೂಡ ಅಷ್ಟೇ, 1930ರ ದಶಕದಿಂದಲೂ ಬೇರೆಯವರ ಜೊತೆ ನುಡಿಸಿ ಬಂದವರು. ಒಂಟಿಯಾಗಿ ಕೂತಾಗ ಅವರ ಕಿವಿಯಲ್ಲಿ ಇಡೀ ಬ್ಯಾಂಡ್ ಇತ್ತು. ಏನು ಬೇಡ ಅನ್ನುವುದು ಅವರಿಗೆ ಗೊತ್ತಿತ್ತು.

ಈಗ ನನ್ನ ಕೋಣೆಗೆ ಬರೋಣ. ಹಂಚಿನ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಕ್ ಇಟ್ಟು ಹಾಡುವ ಮಾತೇ ಇಲ್ಲ, ಮಳೆಯೇ ರೆಕಾರ್ಡ್ ಆಗುತ್ತದೆ. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಮಳೆ ಕೇಳಿಸುವುದಿಲ್ಲ! ಅದರ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿ ಮಿಡಿದಾಗ ಮಾತ್ರ ಅದು ವಿದ್ಯುತ್ತಾಗುತ್ತದೆ. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಹೆಚ್ಚುಕಮ್ಮಿ ತಟ್ಟುವುದೇ ಇಲ್ಲ. ಗಿಟಾರನ್ನು ನೇರವಾಗಿ ಇಂಟರ್‌ಫೇಸ್‌ಗೆ ಸಿಕ್ಕಿಸಿ, ಆಂಪ್‌ನ ಧ್ವನಿಯನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಎಂಥ ಆಷಾಢದ ಮಳೆಯಲ್ಲೂ ಕೆಲಸ ನಡೆಯುತ್ತದೆ. ಹಾಗಾಗಿ ನನ್ನ ವರ್ಷ ಎರಡು ಭಾಗ. ಮಳೆಗಾಲದಲ್ಲಿ ಎಲೆಕ್ಟ್ರಿಕ್ ಗಿಟಾರ್, ಬೇಸ್. ಮಳೆ ನಿಂತ ಮೇಲೆ ಅಕೂಸ್ಟಿಕ್ ಗಿಟಾರ್, ಹಾಡು. ಆಗಲೂ ಸಂಜೆ ಹೊತ್ತಿಗೆ ಜೀರುಂಡೆ ಕೂಗುತ್ತದೆ. ಶನಿವಾರ, ಭಾನುವಾರ ಗಿರಿಗೆ ಹೋಗುವ ಜೀಪುಗಳ ಸದ್ದು. ವಾರದ ನಡುವೆ, ರಾತ್ರಿ ಊಟ ಆದ ಮೇಲೆ, ಅದೇ ನನ್ನ ಹಾಡಿನ ಹೊತ್ತು.

ಮಲೆನಾಡಿನಲ್ಲಿ ಗಿಟಾರ್ ಸಾಕುವುದೇ ಒಂದು ಕೆಲಸ. ಮರದ ಗಿಟಾರಿಗೆ ಗಾಳಿಯಲ್ಲಿ ತೇವಾಂಶ ಶೇಕಡಾ 45ರಿಂದ 55 ಇದ್ದರೆ ಹಿತ. ನಮ್ಮ ಮಳೆಗಾಲ ಅದಕ್ಕಿಂತ ಎಷ್ಟೋ ಮೇಲೆ. ಮರ ನೀರು ಕುಡಿದು ಉಬ್ಬುತ್ತದೆ, ಮುಂದಿನ ಹಲಗೆ ಮೇಲೆದ್ದು ತಂತಿ ಎತ್ತರವಾಗುತ್ತದೆ, ಒತ್ತಲು ಕಷ್ಟ. ತಂತಿಗೆ ತುಕ್ಕು ಬೇರೆ. ಗಿಟಾರನ್ನು ಗೋಡೆಗೆ ನೇತುಹಾಕುವುದು ಫೋಟೋಕ್ಕೆ ಚಂದ, ಇಲ್ಲಿ ಬೇಡ. ಗಟ್ಟಿ ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಜೆಲ್ ಆಗಾಗ ಬದಲಾಯಿಸಿ. ನುಡಿಸಿದ ಮೇಲೆ ತಂತಿ ಒರೆಸಿ. ಮೈಕ್, ಪೆಡಲ್‌ಗಳನ್ನು ನಮ್ಮ ಮನೆಗಳಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಂತೆ ಬೀರುವಿನೊಳಗೆ ಸಣ್ಣ ಬಲ್ಬ್ ಹಾಕುತ್ತಾರಲ್ಲ, ಅಂಥ ಕಡೆ ಇಟ್ಟರೆ ಸಾಕು.

ಇನ್ನು ಕರೆಂಟು. ಗಿಟಾರಿನಲ್ಲಿ 'ಹೂಂ' ಅಂತ ಸದ್ದು ಬರುತ್ತದೆ ಅನ್ನುವುದು ಎಲ್ಲರ ದೂರು. ನಮ್ಮ ಕರೆಂಟು 50 ಹರ್ಟ್ಜ್. ಆ ಸದ್ದು 50, 100, 150 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸೇರಿಕೊಳ್ಳುತ್ತದೆ. ಒಂದೇ ಸುರುಳಿಯ ಪಿಕಪ್ ಅದನ್ನು ಆಂಟೆನಾ ಥರ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ, ಆಯಸ್ಕಾಂತವೂ ಉಲ್ಟಾ. ಹೊರಗಿನ ಸದ್ದು ಎರಡರಲ್ಲೂ ವಿರುದ್ಧ ದಿಕ್ಕಿನಲ್ಲಿ ಬಂದು ಅಳಿಸಿಹೋಗುತ್ತದೆ, ತಂತಿಯ ಸ್ವರ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್. ಆದರೂ ಮೊದಲು ನೋಡಬೇಕಾದದ್ದು ನಿಮ್ಮ ಮನೆಯ ಅರ್ಥಿಂಗ್. ಹಳೆ ಮನೆಗಳಲ್ಲಿ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇದು ಧ್ವನಿಯ ವಿಷಯ ಮಾತ್ರ ಅಲ್ಲ, ಒಂದು ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರುವಾಗ ಜೀವದ ವಿಷಯ. ಇನ್ನೊಂದು ಮಾತು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ, ಎಷ್ಟೋ ಸಲ ಅರ್ಧ ಸದ್ದು ಅಲ್ಲೇ ಹೋಗುತ್ತದೆ. ಕರೆಂಟು ಹೋದ ರಾತ್ರಿಗಳಲ್ಲಿ ನನಗೆ ತುಂಬ ಶುದ್ಧವಾದ ಟ್ರ್ಯಾಕ್‌ಗಳು ಸಿಕ್ಕಿವೆ.

ಲೇಟೆನ್ಸಿ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ತಂತಿ ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ಕೇಳುವುದು ತಡವಾಗುತ್ತದೆ ಅಂತ. ಕಂಪ್ಯೂಟರ್ ಸದ್ದನ್ನು ಅಳೆಯುವ ಒಂದೊಂದು ಅಳತೆ ಒಂದು ಸ್ಯಾಂಪಲ್, ಒಂದು ಸಲಕ್ಕೆ ಅದು ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಗುಂಪು ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್, ಬಫರ್ 128 ಇಟ್ಟುಕೊಂಡರೆ ಒಂದು ಬಫರಿಗೆ ಹಿಡಿಯುವ ಕಾಲ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವುದು, ಯಂತ್ರದ ಒಳಗಿನ ಕೆಲಸ ಎಲ್ಲ ಸೇರಿ ಏಳರಿಂದ ಹತ್ತು ಅಂತ ಇಟ್ಟುಕೊಳ್ಳಿ. ಈಗ ಗೋಡೌನ್ ನೆನಪಿಸಿಕೊಳ್ಳಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ನಮ್ಮ ಡ್ರಮ್ಮರ್ ನನ್ನಿಂದ ಮೂರು ಮೀಟರ್ ದೂರ ಇದ್ದ. ಅಂದರೆ ಅವನ ಪೆಟ್ಟು ನನಗೆ ಯಾವಾಗಲೂ 9 ಮಿಲಿಸೆಕೆಂಡ್ ತಡವಾಗಿಯೇ ಬರುತ್ತಿತ್ತು, ನಾವು ಅದರಲ್ಲೇ ತಾಳ ಹಿಡಿದೆವು. ಹತ್ತರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನುಡಿಸಿ.

ಕೋಣೆಯ ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದನ್ನು ದಯವಿಟ್ಟು ಬಿಡಿ. ಅದು ಸಣ್ಣ ಚುರುಕು ಸದ್ದನ್ನು ಸ್ವಲ್ಪ ಚದುರಿಸುತ್ತದೆ ಅಷ್ಟೇ, ತಳದ ಸದ್ದಿಗೆ ಏನೂ ಮಾಡುವುದಿಲ್ಲ. 82 ಹರ್ಟ್ಜ್‌ನ ಒಂದು ಅಲೆ ನಾಲ್ಕು ಮೀಟರಿಗಿಂತ ಉದ್ದ. ಬೆರಳು ದಪ್ಪದ ಫೋಮ್ ಅದನ್ನು ಹೇಗೆ ತಡೆಯುತ್ತದೆ? ಇನ್ನೊಂದು ಲೆಕ್ಕ ನೋಡಿ. 10 ಅಡಿ ಅಗಲದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಅಲೆ ಸರಿಯಾಗಿ ಕೂತುಬಿಡುತ್ತದೆ. ಬೇಸ್ ಗಿಟಾರಿನ ಎ ತಂತಿಯನ್ನು ಒತ್ತದೆ ಬಿಟ್ಟು ಮೀಟಿದರೆ 55 ಹರ್ಟ್ಜ್. ಅಂದರೆ ಅದೊಂದು ಸ್ವರ ಮಾತ್ರ ಗೋಡೆ ಹತ್ತಿರ ಗುಂಯ್ ಅಂತ ಊದಿಕೊಂಡು ಕೇಳಿಸುತ್ತದೆ, ಕೋಣೆಯ ನಟ್ಟನಡುವೆ ಮಾಯವಾಗುತ್ತದೆ. ನೀವು ಬೇಸ್ ಕಮ್ಮಿ ಮಾಡುತ್ತೀರಿ, ಹೊರಗೆ ಕೇಳಿದರೆ ಹಾಡಿಗೆ ಬೇಸೇ ಇಲ್ಲ. ನಾನು ಮೂಲೆಗಳಲ್ಲಿ ಹತ್ತಿಯ ಹಾಸಿಗೆ ಮಡಚಿ ನಿಲ್ಲಿಸಿದ್ದೇನೆ. ಕಿಟಕಿ ಪಕ್ಕ ಹಳೆ ಗೋಣಿಚೀಲಗಳನ್ನು ಒಂದರ ಮೇಲೊಂದು ದಪ್ಪಗೆ ಕಟ್ಟಿದ್ದೇನೆ. ಪೂರ್ತಿ ಸರಿ ಹೋಗುವುದಿಲ್ಲ. ಅದಕ್ಕೇ ಹಾಡನ್ನು ಕಾರಿನಲ್ಲಿ, ಫೋನಿನಲ್ಲಿ, ಅಡುಗೆಮನೆಯ ಸಣ್ಣ ಸ್ಪೀಕರಿನಲ್ಲಿ ಕೇಳಿಯೇ ಮುಗಿಸುತ್ತೇನೆ.

ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಂತೆ ಸದ್ದಿಗೆ ಸೇರಿಸುವ ಅನುರಣನ, ಅದರ ವಿಷಯದಲ್ಲಿ ಹುಡುಗರಿಗೆ ಒಂದು ಮಾತು ಹೇಳುತ್ತಿರುತ್ತೇನೆ. ಅದು ಕಾಫಿಗೆ ಚಿಕೋರಿ ಇದ್ದ ಹಾಗೆ. ಸ್ವಲ್ಪ ಹಾಕಿದರೆ ಮಂದ ಬರುತ್ತದೆ, ಜಾಸ್ತಿ ಹಾಕಿದರೆ ಬೀಜದ ರುಚಿಯೇ ಗೊತ್ತಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದುಡ್ಡು, ತಾಳ್ಮೆ, ಓದು ಇದ್ದರೆ ಸಿಗುವಂಥದ್ದು. ಸಿಗದಿರುವುದು ಡ್ರಮ್ಮರ್. ಕಂಪ್ಯೂಟರಿನ ಡ್ರಮ್ಸ್ ಧ್ವನಿ ಈಗ ತುಂಬ ಚೆನ್ನಾಗಿದೆ, ನಿಜವಾದ ಡ್ರಮ್ಸ್‌ನಿಂದಲೇ ತೆಗೆದ ಧ್ವನಿಗಳು. ಆದರೆ ನಿಮಿಷಕ್ಕೆ 120 ಪೆಟ್ಟು ಅಂತ ಹಾಕಿದರೆ ಕೊನೆಯವರೆಗೂ 120. ನಮ್ಮ ಹಳೆ ಪ್ರಾಕ್ಟೀಸ್ ಟೇಪ್‌ಗಳನ್ನು ಕಂಪ್ಯೂಟರಿಗೆ ಹಾಕಿ ಅಳೆದು ನೋಡಿದ್ದೇನೆ. ಪಲ್ಲವಿ ಬಂದಾಗ ನಮ್ಮ ಡ್ರಮ್ಮರ್ ಎರಡು ಮೂರು ಪೆಟ್ಟಿನಷ್ಟು ವೇಗ ಏರಿಸುತ್ತಿದ್ದ, ಚರಣಕ್ಕೆ ಮತ್ತೆ ಇಳಿಸುತ್ತಿದ್ದ. ಆಗ ನಮಗೆ ಯಾರಿಗೂ ಅದು ಗೊತ್ತಾಗಿರಲಿಲ್ಲ. ಸುಮ್ನೆ ಪಲ್ಲವಿ ಬಂದಾಗ ಎದೆ ಎದ್ದು ನಿಲ್ಲುತ್ತಿತ್ತು. ಅದಕ್ಕೆ ನಾನು ಈಗ ಹೊಸ ಹಾಡು ಶುರು ಮಾಡುವಾಗ ಕ್ಲಿಕ್, ಅಂದರೆ ತಾಳಕ್ಕೆ ಕಂಪ್ಯೂಟರ್ ಕೊಡುವ ಟಕ್ ಟಕ್ ಸದ್ದು, ಹಾಕಿಕೊಳ್ಳುವುದಿಲ್ಲ. ಕಾಲಲ್ಲಿ ತಾಳ ಹಾಕುತ್ತ ಗಿಟಾರ್ ನುಡಿಸಿ, ಹಾಡಿ, ಇಡೀ ಹಾಡನ್ನು ಒಂದೇ ಉಸಿರಿಗೆ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಅದರ ವೇಗ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಗುರುತು ಹಾಕಿ, ಕಂಪ್ಯೂಟರಿನ ತಾಳವನ್ನು ಅದಕ್ಕೆ ಬಗ್ಗಿಸುತ್ತೇನೆ. ಯಂತ್ರ ನನ್ನ ಹಿಂದೆ ಬರಬೇಕು. ಮುಖ್ಯವಾದ ಹಾಡಾದರೆ ಬೆಂಗಳೂರಿನಲ್ಲಿರುವ ಆ ಡ್ರಮ್ಮರ್‌ಗೇ ಕಳಿಸುತ್ತೇನೆ. ಅವನ ಫ್ಲಾಟ್‌ನಲ್ಲಿ ಎಲೆಕ್ಟ್ರಾನಿಕ್ ಡ್ರಮ್ಸ್ ಇದೆ, ಹೆಡ್‌ಫೋನ್ ಹಾಕಿಕೊಂಡು ನುಡಿಸಿ ಫೈಲ್ ಕಳಿಸುತ್ತಾನೆ.

ಅದಕ್ಕಿಂತ ಮುಖ್ಯವಾದದ್ದು ಬೇಡ ಅನ್ನುವ ಕಿವಿ. ಒಬ್ಬರೇ ಕೂತಾಗ ಟ್ರ್ಯಾಕ್‌ಗೆ ಮಿತಿ ಇಲ್ಲ. ಒಂದು ಗಿಟಾರ್ ಸಾಲದು ಅನ್ನಿಸುತ್ತದೆ, ಎರಡಾಗುತ್ತದೆ, ಆರಾಗುತ್ತದೆ. ತಡೆಯುವವರು ಯಾರೂ ಇಲ್ಲ. ನಾನು ಹಾಡು ಅರ್ಧ ಆದಾಗಲೇ ಹಳೆ ಮೂವರಿಗೂ ಕಳಿಸುತ್ತೇನೆ. ಪೂರ್ತಿ ಆದ ಮೇಲೆ ಕಳಿಸಿದರೆ ಎಲ್ಲರೂ 'ಸೂಪರ್' ಅನ್ನುತ್ತಾರೆ, ಅದರಿಂದ ಉಪಯೋಗ ಇಲ್ಲ. ಬೇಸ್‌ನವನು ತೋಟದ ಜೀಪಿನಲ್ಲಿ ಕೇಳಿ ಫೋನ್ ಮಾಡುತ್ತಾನೆ: 'ಮಾರಾಯ, ಎರಡನೇ ಚರಣದಲ್ಲಿ ಗಿಟಾರ್ ಯಾಕೆ? ತೆಗಿ ಅದನ್ನು.' ತೆಗೆದು ನೋಡಿದರೆ ಹಾಡು ಉಸಿರಾಡುತ್ತದೆ. ಆ ಫೋನ್ ಕರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವನಿಗೆ ಹಾಗೆ ಹೇಳುವ ಸಲಿಗೆ ಬಂದದ್ದು, ನನಗೆ ಕೇಳಿಸಿಕೊಳ್ಳುವ ಮನಸ್ಸು ಬಂದದ್ದು, ಒಟ್ಟಿಗೆ ನುಡಿಸಿದ ಆ ವರ್ಷಗಳಲ್ಲಿ.

ಕನ್ನಡದಲ್ಲಿ ರಾಕ್ ಹಾಡುವ ವಿಷಯಕ್ಕೂ ಇದೇ ಮಾತು. ಮೈಸೂರಿನ ರಘು ದೀಕ್ಷಿತ್, ಬೆಂಗಳೂರಿನ ಸ್ವರಾತ್ಮ ತಂಡ, ಇವರೆಲ್ಲ ಕನ್ನಡ ಹಾಡು ಗಿಟಾರ್, ಡ್ರಮ್ಸ್ ಜೊತೆ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಅಂತ ತೋರಿಸಿದ್ದಾರೆ. ಬರೆಯುವಾಗ ಗಮನಿಸಬೇಕಾದ ಒಂದು ಗುಟ್ಟನ್ನು ನನಗೆ ಹೇಳಿಕೊಟ್ಟವನು ನಮ್ಮ ಹಾಡುಗಾರ, ಆ ಕನ್ನಡ ಮೇಷ್ಟ್ರು. ಹೈಸ್ಕೂಲಿನಲ್ಲಿ ಲಘು, ಗುರು ಹಾಕಿದ್ದೀರಲ್ವಾ? ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. 'ಕಟ್ಟು', 'ಬಿಟ್ಟು', 'ಹತ್ತಿ' ಇಂಥ ಪದಗಳಲ್ಲಿ ದನಿ ಒಂದು ಕ್ಷಣ ತಡೆದು ಸಿಡಿಯುತ್ತದೆ. ಆ ಸಿಡಿತವನ್ನು ಸ್ನೇರ್ ಡ್ರಮ್ ಬೀಳುವ ಎರಡನೇ, ನಾಲ್ಕನೇ ಪೆಟ್ಟಿಗೆ ಕೂರಿಸಿ ನೋಡಿ, ಹಾಡಿಗೆ ತಾನಾಗಿ ಕಸುವು ಬರುತ್ತದೆ. ಸಾಲಿನ ಕೊನೆಗೆ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಅಲ್ಲಿ ದನಿ ಎಳೆಯಬಹುದು, ಕೆಳಗೆ ಗಿಟಾರಿನ ಒರಟು ಧ್ವನಿಯ ಡಿಸ್ಟಾರ್ಶನ್ ಕಾರ್ಡ್ ಕೂಡ ಅಷ್ಟೇ ಉದ್ದ ನಿಲ್ಲುತ್ತದೆ. ಮಂದಾನಿಲ ರಗಳೆಯ ನಾಲ್ಕು ಮಾತ್ರೆ ರಾಕ್‌ನ ನಾಲ್ಕು ಪೆಟ್ಟಿನ ತಾಳಕ್ಕೆ ಸಲೀಸಾಗಿ ಕೂರುತ್ತದೆ. ಲಲಿತ ರಗಳೆಯ ಐದು ಮಾತ್ರೆಯಲ್ಲಿ ನಾವು ಒಂದು ಹಾಡು ಮಾಡಿದೆವು. ಡ್ರಮ್ಮರ್ ಮೊದಲು ಒದ್ದಾಡಿದ, ಆಮೇಲೆ ಬಿಡಲೇ ಇಲ್ಲ. ಪಠ್ಯಪುಸ್ತಕದ ಛಂದಸ್ಸು ಒಬ್ಬ ಡ್ರಮ್ಮರ್‌ನ ಕಾಲಿಗೆ ಇಳಿದದ್ದನ್ನು ನೋಡಿದ ಖುಷಿ ನನಗೆ ಇನ್ನೂ ಹೋಗಿಲ್ಲ.

ಹಾಡು ಬಿಡುಗಡೆ ಮಾಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಈಗ ಸುಲಭ. ಒಂದೇ ಎಚ್ಚರಿಕೆ. ಜೋರಾಗಿ ಕೇಳಲಿ ಅಂತ ಹಾಡನ್ನು ಹಿಂಡಿ ಚಪ್ಪಟೆ ಮಾಡಬೇಡಿ. ಸ್ಪಾಟಿಫೈ ಥರದವರು ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರು ಕೇಳಿಸುತ್ತದೆ ಅನ್ನುವುದರ ಅಳತೆ) ಎಂಬ ಒಂದೇ ಮಟ್ಟಕ್ಕೆ ತರುತ್ತಾರೆ. ಜೋರಾಗಿ ಮಾಡಿದ್ದು ಅಲ್ಲಿ ಇಳಿದುಬಿಡುತ್ತದೆ, ಹಿಂಡಿದ ಗುರುತು ಮಾತ್ರ ಉಳಿಯುತ್ತದೆ.

ಇಷ್ಟು ಹೇಳಿ ಪ್ರಶ್ನೆಗೆ ಬಿಟ್ಟೆ. ಇಂಟರ್‌ಫೇಸ್ ಪ್ರಶ್ನೆಯೇ ಮೊದಲು ಬಂತು. ನನ್ನ ಉತ್ತರ: ಎರಡು ಇನ್‌ಪುಟ್ ಇರುವ ಯಾವ ಸಾಧಾರಣ ಇಂಟರ್‌ಫೇಸ್ ಆದರೂ ಶುರುವಿಗೆ ಸಾಕು. ಗಿಟಾರಿಗೆ ಅಂತಲೇ ಇರುವ ಇನ್‌ಪುಟ್ ಇದೆಯಾ ನೋಡಿ. ಮಾಮೂಲಿ ಲೈನ್ ಇನ್‌ಪುಟ್‌ಗೆ ಗಿಟಾರ್ ಸಿಕ್ಕಿಸಿದರೆ ಧ್ವನಿ ಮಂಕಾಗುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಕ್ಯಾಸೆಟ್ ಕಾಲದ ಹಾಗೆ ಕೆಂಪು ಮುಟ್ಟಿಸಬೇಕಾಗಿಲ್ಲ. ಮೈಕ್‌ಗೆ ಎಸ್‌ಎಂ57 ಕೊಂಡರೆ ಬಾಳಿಕೆ ಬರುತ್ತದೆ, 1965ರಿಂದ ಬರುತ್ತಿರುವ ಮೈಕ್ ಅದು. ಸಾಫ್ಟ್‌ವೇರ್‌ಗೆ ಆಡಾಸಿಟಿ ಪೂರ್ತಿ ಉಚಿತ. ರೀಪರ್‌ಗೆ 60 ದಿನ ಉಚಿತ ಪ್ರಯೋಗ ಇದೆ, ಬ್ಯಾಂಡ್ ಥರದ ಕೆಲಸಕ್ಕೆ ಅದು ಹೆಚ್ಚು ಅನುಕೂಲ.

ಆಮೇಲೆ ಮಧ್ಯದ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: 'ಸರ್, ಬ್ಯಾಂಡ್ ಮಾಡಿ ಅಂತೀರ. ನಾನು ಎರಡು ವರ್ಷದಿಂದ ಗಿಟಾರ್ ನುಡಿಸ್ತಿದ್ದೀನಿ. ಇಲ್ಲಿ ಡ್ರಮ್ಸ್ ನುಡಿಸೋರೇ ಇಲ್ಲ. ಏನ್ ಮಾಡ್ಲಿ?'

ಡ್ರಮ್ಸ್ ಸೆಟ್ ಇರುವವರನ್ನೇ ಹುಡುಕಬೇಡ ಅಂದೆ. ಚರ್ಚಿನಲ್ಲಿ ಪ್ಯಾಡ್ ನುಡಿಸುವವರಿದ್ದಾರೆ. ಆರ್ಕೆಸ್ಟ್ರಾದಲ್ಲಿದ್ದಾರೆ. ವೀರಗಾಸೆ ತಂಡಗಳ ಜೊತೆ ವಾದ್ಯ ಬಾರಿಸುವ ಹುಡುಗರಿದ್ದಾರೆ, ಅವರ ಕೈಯಲ್ಲಿರುವ ತಾಳ ನಮ್ಮಂಥವರಿಗೆ ವರ್ಷಗಟ್ಟಲೆ ಕಲಿತರೂ ಬರುವುದಿಲ್ಲ. ಮೇಲೆ ಕೂತು ಕೈಯಲ್ಲಿ ಬಾರಿಸುವ ಒಂದು ಕಹೋನ್ ಪೆಟ್ಟಿಗೆ ಇದ್ದರೂ ಶುರು ಮಾಡಬಹುದು, ಅದಕ್ಕೆ ಗೋಡೌನೂ ಬೇಡ. ಮಾತಾಡುತ್ತ ಸಭೆಯನ್ನೇ ಕೇಳಿದೆ, ಇಲ್ಲಿ ತಾಳವಾದ್ಯ ಯಾವುದಾದರೂ ನುಡಿಸುವವರು ಕೈ ಎತ್ತಿ ಅಂತ. ಹಿಂದಿನ ಸಾಲಿನಲ್ಲಿ ಒಬ್ಬ, ಬಾಗಿಲ ಹತ್ತಿರ ನಿಂತಿದ್ದ ಇನ್ನೊಬ್ಬ ಕೈ ಎತ್ತಿದರು. ಒಬ್ಬ ತಬಲಾ, ಇನ್ನೊಬ್ಬ ಡೊಳ್ಳು. ಮೂವರೂ ಒಂದೇ ಕಾಲೇಜು, ಇದುವರೆಗೆ ಮಾತಾಡಿಕೊಂಡಿರಲಿಲ್ಲ. ಹೊರಡುವ ಮೊದಲು ಮೂವರೂ ಫೋನ್ ನಂಬರ್ ತಗೊಳ್ಳಿ, ಮೊದಲ ಹಾಡು ಅರ್ಧ ಆದಾಗಲೇ ನನಗೆ ಕಳಿಸಿ ಅಂತ ಹೇಳಿ ಮೈಕ್ ಕೊಟ್ಟೆ.